ಗೋಡೆ ಹಿಡಿದು ಏಳುವುದು

ಬೀಳುವುದನ್ನು ಕಲಿಯುವುದಕ್ಕೇ ನಮಗೆ ಎರಡು ಭಾನುವಾರ ಹಿಡಿಯಿತು. ಬೀಳದ ಹಾಗೆ ನಡೆಯುವುದನ್ನೇ ನಲವತ್ತಾರು ವರ್ಷ ರೂಢಿ ಮಾಡಿಕೊಂಡ ಮೈಗೆ ಈಗ ಬೇಕೆಂದೇ ಬೀಳು ಎಂದರೆ ಅದು ಒಪ್ಪುವುದಿಲ್ಲ. ಮೊಣಕಾಲು ಬಿಗಿಯುತ್ತದೆ, ಕೈ ತಾನಾಗಿ ಮುಂದೆ ಹೋಗುತ್ತದೆ, ಉಸಿರು ಕಟ್ಟುತ್ತದೆ. ಉಸಿರು ಕಟ್ಟಿದ ಮೈ ಕೊರಡಿನಂತೆ ಬೀಳುತ್ತದೆ, ಪೆಟ್ಟಾಗುವುದು ಅದಕ್ಕೇ ಎಂದು ನಮಗೆ ಕಲಿಸಲು ಬಂದಿದ್ದ ನೃತ್ಯ ಸಂಯೋಜಕಿ ಹೇಳಿದರು. ಉಸಿರು ಬಿಡುತ್ತಾ ಮೊಣಕಾಲು ಸಡಿಲಿಸಬೇಕು. ಸೊಂಟವನ್ನು ಒಂದು ಪಕ್ಕಕ್ಕೆ ಇಳಿಸಬೇಕು. ತೊಡೆಯ ಹೊರಮೈ, ಪೃಷ್ಠದ ಪಕ್ಕ, ಬೆನ್ನಿನ ಪಕ್ಕ, ಭುಜ ಎಂದು ಮಾಂಸವಿರುವ ಜಾಗಗಳನ್ನೇ ಒಂದಾದ ಮೇಲೊಂದರಂತೆ ನೆಲಕ್ಕೆ ಒಪ್ಪಿಸಬೇಕು. ಮೊಣಕಾಲ ಚಿಪ್ಪು, ಮೊಣಕೈ, ಮಣಿಕಟ್ಟು ಮೊದಲು ತಾಗಬಾರದು.

ಮೂರನೆಯ ಭಾನುವಾರ ನಾನು ಸರಿಯಾಗಿ ಬಿದ್ದೆ. ಸದ್ದೇ ಆಗಲಿಲ್ಲ. ಕೆನ್ನೆಗೆ ನೆಲದ ತಂಪು ತಾಗಿತು. ಹಳೆಯ ಸಿಮೆಂಟಿನ ನೆಲ, ಎಷ್ಟು ಒರೆಸಿದರೂ ಬಿಡದ ಕೆಂಪು ಹುಡಿಯ ವಾಸನೆ. ನಾನು ಹಾಗೇ ಸ್ವಲ್ಪ ಹೊತ್ತು ಬಿದ್ದುಕೊಂಡೇ ಇದ್ದೆ. ಯಾರೂ ಏಳು ಎನ್ನಲಿಲ್ಲ.

ಅದು ಮಂಗಳೂರಿನಲ್ಲಿ ನೇತ್ರಾವತಿಯ ದಡಕ್ಕೆ ಸಮೀಪದ ಒಂದು ಹಳೆಯ ಹಂಚಿನ ಗೋದಾಮು. ಕಾರ್ಖಾನೆ ನಿಂತು ಎಷ್ಟೋ ವರ್ಷವಾಗಿದೆ, ಗೋದಾಮು ಮಾತ್ರ ಉಳಿದಿದೆ. ಈ ಊರಿನ ಹಂಚಿನ ಕಥೆ ಗೊತ್ತಿರುವವರಿಗೆ ಆ ದಡದ ಮಹತ್ವ ಹೇಳಬೇಕಾಗಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಜೆಪ್ಪುವಿನಲ್ಲಿ, ಇದೇ ನದಿಯ ಮಣ್ಣಿನಿಂದ. ಆಮೇಲೆ ಒಂದರ ಪಕ್ಕ ಒಂದು ಚಿಮಣಿ ಎದ್ದವು. ಆ ಚಿಮಣಿಗಳ ಕೆಳಗೆ ಕೆಲಸ ಮಾಡಿದವರಲ್ಲಿ ನನ್ನ ಅಜ್ಜಿಯೂ ಒಬ್ಬಳು. ಅವಳಿದ್ದ ಕಾರ್ಖಾನೆ ಬೇರೆ. ಅದರ ಜಾಗದಲ್ಲಿ ಈಗ ಫ್ಲ್ಯಾಟುಗಳಿವೆ.

ನಾನು ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ನೃತ್ಯ ಕಲಿತವಳಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಕೋಲಾಟಕ್ಕೆ ಹಿಂದಿನ ಸಾಲಿನಲ್ಲಿ ನಿಂತದ್ದು ಬಿಟ್ಟರೆ ವೇದಿಕೆ ಹತ್ತಿದವಳೂ ಅಲ್ಲ. ಗೆಳತಿಯೊಬ್ಬಳು ಮೊಬೈಲಿಗೆ ಕಳಿಸಿದ ಸಣ್ಣ ಪ್ರಕಟಣೆ ನೋಡಿ ಹೋದೆ. ‘ನೃತ್ಯ ಗೊತ್ತಿರಬೇಕಾಗಿಲ್ಲ, ನಿಮ್ಮ ಮನೆಯ ಹಿರಿಯರು ಏನು ಕೆಲಸ ಮಾಡುತ್ತಿದ್ದರು ಎಂಬುದು ಗೊತ್ತಿದ್ದರೆ ಸಾಕು’ ಎಂದು ಅದರಲ್ಲಿತ್ತು. ಆ ಸಾಲು ಓದಿದ ಕ್ಷಣ ನನಗೆ ಬೀಡಿ ಎಲೆಯ ವಾಸನೆ ಬಂತು. ಅಕ್ಟೋಬರಿನ ಮೊದಲ ಭಾನುವಾರದಿಂದ ಡಿಸೆಂಬರಿನವರೆಗೆ ಪ್ರತಿ ಭಾನುವಾರ ಬೆಳಗ್ಗೆ ಮೂರು ಗಂಟೆ, ಕೊನೆಯ ಎರಡು ವಾರ ದಿನವೂ ಸಂಜೆ ಅಭ್ಯಾಸ. ಆಮೇಲೆ ಒಂದು ಶನಿವಾರ ಮತ್ತು ಭಾನುವಾರದ ಸಂಜೆ ಎರಡು ಪ್ರದರ್ಶನ.

ನಾವು ಊರಿನವರು ಹದಿಮೂರು ಮಂದಿ. ಹತ್ತೊಂಬತ್ತರ ಹುಡುಗನಿಂದ ಅರವತ್ತೇಳರ ನಿವೃತ್ತ ಮೇಷ್ಟರವರೆಗೆ. ಒಬ್ಬಳು ಆಸ್ಪತ್ರೆಯಲ್ಲಿ ನರ್ಸು, ಅವಳ ತಾಯಿ ಮೀನು ಮಾರುತ್ತಿದ್ದವರು. ಒಬ್ಬರು ರಿಕ್ಷಾ ಓಡಿಸುವವರು, ಅವರ ತಂದೆ ತೆಂಗಿನ ಮರ ಹತ್ತುತ್ತಿದ್ದವರು. ಇವರ ಜೊತೆಗೆ ಬೆಂಗಳೂರಿನಿಂದ ಸಂಯೋಜಕಿ ಮತ್ತು ಮೂವರು ನುರಿತ ನರ್ತಕರು ಬಂದಿದ್ದರು. ಸಮಕಾಲೀನ ನೃತ್ಯವನ್ನು ವೃತ್ತಿಯಾಗಿ ಕಲಿತವರು ನಮ್ಮ ರಾಜ್ಯದಲ್ಲೇ ಇದ್ದಾರೆ, ಬೆಂಗಳೂರಿನ ಅಟ್ಟಕ್ಕಲರಿಯಂಥ ಸಂಸ್ಥೆ 1992ರಲ್ಲೇ ಆರಂಭವಾಗಿದೆ ಎಂಬುದೆಲ್ಲ ನನಗೆ ತಿಳಿದದ್ದು ಅವರಿಂದ. ನಮ್ಮ ಕಡೆ ನೃತ್ಯ ಎಂದರೆ ಭರತನಾಟ್ಯ, ಕುಣಿತ ಎಂದರೆ ಯಕ್ಷಗಾನ. ಮೂರನೆಯದೊಂದಕ್ಕೆ ಜಾಗವಿದೆ ಎಂದು ನಾನು ಯೋಚಿಸಿದವಳೇ ಅಲ್ಲ.

ಒಂದು ದಿನ ಅಭ್ಯಾಸ ಮುಗಿದ ಮೇಲೆ ಚಹಾ ಕುಡಿಯುತ್ತಾ ಸಂಯೋಜಕಿ ಚಂದ್ರಲೇಖಾ ಅವರ ಬಗ್ಗೆ ಹೇಳಿದರು. ಭರತನಾಟ್ಯದಲ್ಲಿ ಹೆಸರು ಮಾಡಿ, ಅದರಿಂದ ದೂರ ಸರಿದು, 1985ರಲ್ಲಿ ‘ಅಂಗಿಕಾ’ ಎಂಬ ಕೃತಿಯೊಂದಿಗೆ ಮರಳಿ ಬಂದವರು. ಕೇರಳದ ಸಮರಕಲೆ ಕಳರಿಪಯಟ್ಟು ಬಲ್ಲವರನ್ನೂ ಯೋಗ ಬಲ್ಲವರನ್ನೂ ನರ್ತಕರ ಜೊತೆಗೆ ರಂಗಕ್ಕೆ ತಂದವರು. ಕಥೆ ಹೇಳುವ ಭಾರವನ್ನು ಮೈಯ ಮೇಲಿಂದ ಇಳಿಸಿ, ಮೈಯನ್ನೇ ನೋಡಿ ಎಂದವರು. ಮದ್ರಾಸಿನಲ್ಲಿ ಬಾಳಿ 2006ರಲ್ಲಿ ತೀರಿಕೊಂಡ ಆ ಹೆಂಗಸಿನ ಹೆಸರನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಆ ರಾತ್ರಿ ಅವರ ಒಂದು ಫೋಟೋ ಹುಡುಕಿ ನೋಡಿದೆ. ಬಿಳಿ ಕೂದಲು, ದೊಡ್ಡ ಕುಂಕುಮ, ನೆಟ್ಟ ನೋಟ. ಅಮ್ಮನಿಗೂ ತೋರಿಸಿದೆ. ‘ಇವರು ಯಾರ ಮಾತನ್ನೂ ಕೇಳಿದವರಲ್ಲ’ ಎಂದರು ಅಮ್ಮ. ಅಮ್ಮನ ಬಾಯಿಯಲ್ಲಿ ಅದು ಮೆಚ್ಚುಗೆ.

ಹೆಸರುಗಳ ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ಗೋಡೆಗೆ ಮುಖ ಮಾಡಿ ನಿಂತು, ಹಿಂದಕ್ಕೆ ಒಂದೊಂದೇ ಹೆಜ್ಜೆ ಇಡಬೇಕು. ಮೊದಲ ಹೆಜ್ಜೆಗೆ ತಾಯಿಯ ಹೆಸರು, ಎರಡನೆಯದಕ್ಕೆ ಅವಳ ತಾಯಿಯ ಹೆಸರು, ಮೂರನೆಯದಕ್ಕೆ ಆ ತಾಯಿಯ ತಾಯಿಯದು. ಹೆಸರು ಗೊತ್ತಿಲ್ಲದಾಗ ನಿಲ್ಲಬೇಕು. ತುಳುನಾಡಿನಲ್ಲಿ ಹುಟ್ಟಿದವಳಾದ್ದರಿಂದ ನನಗೆ ಇದು ಸುಲಭ ಎಂದುಕೊಂಡೆ. ನಮ್ಮಲ್ಲಿ ಬಳಿ, ಅಂದರೆ ಗೋತ್ರದಂಥದ್ದು, ತಾಯಿಯಿಂದ ಬರುತ್ತದೆ, ಅಳಿಯಸಂತಾನದ ಮನೆಗಳಲ್ಲಿ ವಂಶವೆಂದರೆ ಹೆಂಗಸರ ಸಾಲು. ಆದರೆ ನಾನು ಮೂರು ಹೆಜ್ಜೆಗೆ ನಿಂತೆ. ಆಸ್ತಿಯಿದ್ದ ಮನೆಗಳಲ್ಲಿ ಹೆಸರುಗಳು ಕಾಗದಪತ್ರಗಳಲ್ಲಿ ಉಳಿದವು. ಗೇಣಿಗೂ ಭೂಮಿಯಿಲ್ಲದ ಕೂಲಿಯವರ ಮನೆಯಲ್ಲಿ ನಾಲಿಗೆಯ ಮೇಲೆ ಎಷ್ಟು ದೂರ ಬಂದವೋ ಅಷ್ಟೇ. ನರ್ಸು ಎರಡಕ್ಕೆ ನಿಂತಳು. ಬೆಂಗಳೂರಿನ ನರ್ತಕರಲ್ಲಿ ಒಬ್ಬ ಒಂದಕ್ಕೇ ನಿಂತ, ಅವನು ಅಜ್ಜಿಯನ್ನು ‘ಅಜ್ಜಿ’ ಎಂದೇ ಕರೆದವನು, ಹೆಸರು ಕೇಳಿಯೇ ಇರಲಿಲ್ಲ. ನಿವೃತ್ತ ಮೇಷ್ಟರು ಆರು ಹೆಜ್ಜೆ ಹೋದರು.

‘ಇನ್ನು ಹೆಸರಿಲ್ಲದೆ ನಡೆಯಿರಿ’ ಎಂದರು ಸಂಯೋಜಕಿ. ‘ಅವರು ಇದ್ದದ್ದಂತೂ ನಿಜವಲ್ಲವೇ.’

ಹಿಂದಕ್ಕೆ ಕಾಲಿಡುವಾಗ ನೆಲ ಎಲ್ಲಿದೆ ಎಂಬುದು ಕಣ್ಣಿಗೆ ಕಾಣಿಸುವುದಿಲ್ಲ. ಬೆರಳ ತುದಿಯಿಂದ ಹುಡುಕಿ, ಆಮೇಲೆ ಹಿಮ್ಮಡಿ ಊರಬೇಕು. ನಾಲ್ಕನೆಯ ಹೆಜ್ಜೆ ಇಟ್ಟಾಗ ನನಗೆ ಅಳು ಬಂತು. ಹೆಸರು ಮರೆತದ್ದಕ್ಕೆ ಬಂದ ಅಳು ಅದಲ್ಲ. ಆ ಹೆಂಗಸಿಗೂ ಹೀಗೇ ಒಂದು ಹಿಮ್ಮಡಿ ಇತ್ತಲ್ಲ, ಅದೂ ಒಡೆದಿದ್ದೀತು, ಅದಕ್ಕೂ ರಾತ್ರಿ ಎಣ್ಣೆ ಹಚ್ಚಿಕೊಂಡಿದ್ದಾಳು ಎಂದು ತೋರಿತು.

ಅದೇ ದಿನ ಹತ್ತೊಂಬತ್ತರ ಹುಡುಗ ಒಂದು ಮಾತು ಎತ್ತಿದ. ಹಿರಿಯರು ಎಂದ ಮೇಲೆ ದೈವದ ಕುಣಿತ ಬರಬೇಡವೇ, ಆ ಹೆಜ್ಜೆ ನೋಡಿದರೆ ಜನರಿಗೆ ಮೈ ನವಿರೇಳುತ್ತದೆ ಎಂದ. ಕೂಡಲೇ ಒಂದೆರಡು ಹೆಜ್ಜೆ ಹಾಕಿಯೂ ತೋರಿಸಿದ, ಚೆನ್ನಾಗಿಯೇ ಹಾಕಿದ. ಮೇಷ್ಟರು ಎದ್ದು ನಿಂತರು. ‘ಅದು ನಮ್ಮ ಆಸ್ತಿಯಲ್ಲ ಮಗಾ’ ಎನ್ನುವಾಗ ಅವರ ದನಿ ಗಡುಸಾಗಿರಲಿಲ್ಲ. ‘ನಲಿಕೆಯವರು, ಪರವರು, ಪಂಬದರು ಎಣ್ಣೆ ಬೂಳ್ಯ, ಅಂದರೆ ಎಣ್ಣೆಯನ್ನೂ ವೀಳ್ಯವನ್ನೂ ಪಡೆದು, ವ್ರತ ಹಿಡಿದು ಕಟ್ಟುವಂಥದ್ದು. ಅಂಗಳದಲ್ಲಿ ಅವರ ಮುಂದೆ ಕೈಮುಗಿದು, ಮರುದಿನ ಅವರನ್ನು ಎಲ್ಲಿ ಕೂರಿಸುತ್ತಿದ್ದೆವು ಎಂಬುದು ನನಗೆ ನೆನಪಿದೆ. ಅದನ್ನು ಚಂದಕ್ಕೆಂದು ಎತ್ತಿಕೊಳ್ಳಬಾರದು.’ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಸಂಯೋಜಕಿ ತಲೆಯಾಡಿಸಿದರು. ಅಲ್ಲಿಂದ ಮುಂದೆ ನಮಗೊಂದು ನಿಯಮವಾಯಿತು: ಅವರವರ ಮನೆಯ ಮೈಗಳಿಂದ ಬಂದದ್ದನ್ನು ಮಾತ್ರ ತರಬೇಕು. ಹಿರಿಯರ ಹೆಸರಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ವೇದಿಕೆಗೆ ಹೇರುವುದನ್ನು ನಾನು ಬಹಳ ಕಡೆ ನೋಡಿದ್ದೇನೆ. ಆ ನಿಯಮ ನಮ್ಮನ್ನು ಕಾಪಾಡಿತು.

ಹಾಗಾಗಿ ನಾನು ತಂದದ್ದು ಎರಡು ಮೈ. ಅಜ್ಜಿಯದು ಮತ್ತು ಅಮ್ಮನದು.

ಅಜ್ಜಿ ಹಸಿ ಹಂಚು ಹೊರುತ್ತಿದ್ದಳು. ಅಚ್ಚಿನಿಂದ ಬಂದ ಒದ್ದೆ ಹಂಚನ್ನು ಒಣಗಿಸುವ ಅಟ್ಟಕ್ಕೆ, ಅಲ್ಲಿಂದ ಸುಡುವ ಗೂಡಿಗೆ. ನಾನು ಕಂಡಾಗ ಅವಳಿಗೆ ವಯಸ್ಸಾಗಿತ್ತು. ಭಾನುವಾರ ಎಣ್ಣೆ ಹಚ್ಚಿ ತಲೆ ಬಾಚುವ ಕೆಲಸ ನನ್ನದು. ನೆತ್ತಿಯ ನಡುವೆ ಎಂಟಾಣೆಯಷ್ಟು ಅಗಲದ ಜಾಗದಲ್ಲಿ ಕೂದಲು ಇರಲಿಲ್ಲ. ಸಿಂಬಿ ಕೂತು ಕೂತು ಸವೆದ ಜಾಗ. ಬೆರಳಿಟ್ಟರೆ ನುಣುಪಾಗಿ, ಸ್ವಲ್ಪ ಬೆಚ್ಚಗೆ ಇರುತ್ತಿತ್ತು. ಸುತ್ತಲಿನ ಕೂದಲನ್ನು ಅದರ ಮೇಲೆ ಎಳೆದು ಗಂಟು ಹಾಕಬೇಕು ಎಂದು ಅವಳು ಕಲಿಸಿದ್ದಳು.

ಗೋದಾಮಿನ ಮೂಲೆಯಲ್ಲಿ ಹಳೆಯ ಹಂಚುಗಳ ರಾಶಿ ಇತ್ತು. ಒಂದನ್ನು ತೂಗಿ ನೋಡಿದೆವು, ಹೆಚ್ಚು ಕಡಿಮೆ ಎರಡೂವರೆ ಕಿಲೋ. ಸುಟ್ಟದ್ದೇ ಇಷ್ಟು, ಹಸಿಯದು ಇನ್ನೂ ಹೆಚ್ಚು. ಹಲಗೆಯ ಮೇಲೆ ನಾಲ್ಕು ಇಟ್ಟುಕೊಂಡು ತಲೆಯ ಮೇಲೆ ಹೊತ್ತು ನಡೆಯುವುದನ್ನು ಅಭ್ಯಾಸ ಮಾಡಿದೆವು. ಸಿಂಬಿ ಸುತ್ತುವುದನ್ನು ಎಲ್ಲರಿಗೂ ಕಲಿಸಿದವಳು ನರ್ಸು, ಅವಳ ತಾಯಿ ಮೀನಿನ ಬುಟ್ಟಿ ಹೊತ್ತವರು. ಭಾರ ತಲೆಗೆ ಬಂದ ಕೂಡಲೇ ಕತ್ತು ಕುಗ್ಗುತ್ತದೆ. ಕುಗ್ಗಿದ ಕತ್ತಿನ ಮೇಲೆ ಹಲಗೆ ಓಲಾಡುತ್ತದೆ. ಕತ್ತು ಮೇಲಕ್ಕೆ ಬೆಳೆಯಿತು ಎಂದುಕೊಂಡು, ಸೊಂಟವನ್ನು ಸಡಿಲ ಬಿಟ್ಟು, ಮೊಣಕಾಲಿನಲ್ಲಿ ಒಂದಿಷ್ಟು ಬಾಗು ಉಳಿಸಿಕೊಂಡು ನಡೆದರೆ ಮಾತ್ರ ಹಂಚು ಕದಲುವುದಿಲ್ಲ. ಕಂಪ್ಯೂಟರಿನ ಮುಂದೆ ಕೂತು ನೋವು ಹಿಡಿದ ನನ್ನ ಕತ್ತಿಗೆ ಇದು ಮೊದಲು ಶಿಕ್ಷೆಯಂತಿತ್ತು. ನಾಲ್ಕನೆಯ ವಾರ ಕನ್ನಡಿಯಿಲ್ಲದ ಆ ಗೋದಾಮಿನಲ್ಲಿ ನನ್ನ ನೆರಳು ಗೋಡೆಯ ಮೇಲೆ ಬಿದ್ದದ್ದು ನೋಡಿದೆ. ಆ ನಡಿಗೆ ನನ್ನದಾಗಿರಲಿಲ್ಲ. ನಮ್ಮ ಹಿತ್ತಿಲಿನಲ್ಲಿ ಕೊಡಪಾನ ಹೊತ್ತು ಬರುತ್ತಿದ್ದವಳ ನಡಿಗೆ ಅದು.

ಅಮ್ಮನ ಮೈ ಅಷ್ಟು ಸುಲಭಕ್ಕೆ ಸಿಗಲಿಲ್ಲ.

ಅಮ್ಮ ಬೀಡಿ ಕಟ್ಟಿದ್ದು ನಲವತ್ತು ವರ್ಷಕ್ಕೂ ಹೆಚ್ಚು. ಕರಾವಳಿಯಲ್ಲಿ ಈ ಮಾತಿಗೆ ವಿವರಣೆ ಬೇಡ. ಮಧ್ಯಾಹ್ನ ಯಾವ ಜಗಲಿಯಲ್ಲಿ ನೋಡಿದರೂ ಮೊರ ತೊಡೆಯ ಮೇಲಿಟ್ಟು ಕೂತ ಹೆಂಗಸರು ಇದ್ದೇ ಇರುತ್ತಿದ್ದರು. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪಿನ ಹುಡಿ, ನೂಲು ತಂದು, ಕಟ್ಟಿದ ಬೀಡಿಯನ್ನು ಸಾವಿರದ ಲೆಕ್ಕದಲ್ಲಿ ಒಪ್ಪಿಸಬೇಕು. ಎಲೆ ಹಾಳಿದ್ದರೆ ಕೈಯಿಂದ ದುಡ್ಡು ಕೊಟ್ಟು ಬೇರೆ ಎಲೆ ತರಬೇಕು. ಸರಿಯಿಲ್ಲ ಎಂದು ಪರೀಕ್ಷಿಸುವವನು ತೆಗೆದಿಟ್ಟದ್ದು ರಿಜೆಕ್ಟ್, ಅದಕ್ಕೆ ಕೂಲಿಯಿಲ್ಲ. 1966ರಲ್ಲಿ ಬೀಡಿ ಕಾರ್ಮಿಕರ ಕಾಯ್ದೆ ಬಂದು, ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಎಂದಾಯಿತು. ಅಮ್ಮನ ಪಾಲಿಗೆ ಕಾಯ್ದೆಯೆಂದರೆ ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟ ಒಂದು ಪಾಸ್ ಪುಸ್ತಕ ಮತ್ತು ಪಿ.ಎಫ್. ಚೀಟಿ. ಅದರ ದುಡ್ಡಿನಲ್ಲೇ ನನ್ನ ಪದವಿಯ ಕೊನೆಯ ವರ್ಷದ ಶುಲ್ಕ ಕಟ್ಟಿದ್ದು.

ಕಟ್ಟುವುದನ್ನು ಕಲಿಸು ಎಂದು ಕೇಳಿದಾಗ ಅಮ್ಮ ಬೇರೆ ಕಡೆ ತಿರುಗಿದರು. ‘ಇದನ್ನು ನೀನು ಕಲಿಯಬಾರದು ಎಂದೇ ಓದಿಸಿದ್ದು’ ಎಂದರು. ನಿಜ. ಚಿಕ್ಕಂದಿನಲ್ಲಿ ನನಗೆ ಬೀಡಿಯ ಬಾಯಿ ಮಡಚುವುದಕ್ಕೆ ಮತ್ತು ಇಪ್ಪತ್ತೈದು ಎಣಿಸಿ ಕಟ್ಟು ಮಾಡುವುದಕ್ಕೆ ಮಾತ್ರ ಬಿಡುತ್ತಿದ್ದರು. ಎಲೆ ಸುರುಟಲು ಕೈ ಹಾಕಿದರೆ ಕೈಗೆ ಒಂದೇಟು. ಸುರುಟಲು ಬಂದರೆ ಶಾಲೆ ಬಿಟ್ಟಂತೆಯೇ ಎಂದು ಅವರಿಗೆ ಗೊತ್ತಿತ್ತು, ಅವರ ಶಾಲೆ ಬಿಟ್ಟುಹೋದದ್ದೂ ಹಾಗೆಯೇ. ಎರಡು ವಾರ ನಾನು ಮತ್ತೆ ಕೇಳಲಿಲ್ಲ. ಒಂದು ರಾತ್ರಿ ಊಟವಾದ ಮೇಲೆ ಅವರೇ ಅಡುಗೆಮನೆಯ ಅಟ್ಟದಿಂದ ಮೊರವನ್ನು ಇಳಿಸಿಕೊಂಡು ಬಂದರು. ಒಳಗೆ ಕತ್ತರಿ, ಎಲೆಯ ಅಳತೆಗೆ ಇಟ್ಟುಕೊಳ್ಳುತ್ತಿದ್ದ ತಗಡಿನ ತುಂಡು, ತುಕ್ಕು ಹಿಡಿದಿರಲಿಲ್ಲ. ಬೀಡಿ ಬಿಟ್ಟು ಒಂಬತ್ತು ವರ್ಷವಾಗಿತ್ತು. ನಡುನಡುವೆ ಎಣ್ಣೆ ಹಚ್ಚಿ ಇಟ್ಟಿದ್ದರು ಎಂದು ಕಾಣುತ್ತದೆ.

ಪಕ್ಕದ ಮನೆಯಿಂದ ಒಂದು ಹಿಡಿ ಎಲೆ ತಂದು ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆವು. ಹೊಗೆಸೊಪ್ಪು ಬೇಡ, ಗೋದಾಮಿನಲ್ಲಿ ಎಲ್ಲರಿಗೂ ಕೆಮ್ಮು ಬರುತ್ತದೆ ಎಂದು ಮರದ ಹುಡಿ ತಂದಿದ್ದೆ. ಅಮ್ಮನಿಗೆ ಅದು ಹಿಡಿಸಲಿಲ್ಲ. ‘ಹುಡಿಗೆ ಜೀವ ಇರಬೇಕು, ಇದು ಬೆರಳಿನಲ್ಲಿ ನಿಲ್ಲುವುದಿಲ್ಲ’ ಎಂದರು. ಆದರೂ ಕಟ್ಟಿದರು. ಆ ಕೈಯನ್ನು ನಾನು ಜನ್ಮವಿಡೀ ನೋಡಿದ್ದೆ, ಆ ದಿನ ಮೊದಲ ಸಲ ನೋಡಿದಂತಾಯಿತು. ತಗಡಿನ ಸುತ್ತ ಕತ್ತರಿ ನಾಲ್ಕು ಸಲ ಆಡುತ್ತದೆ, ಎಲೆ ಚೌಕವಾಗುತ್ತದೆ. ಎಡಗೈಯ ಬೆರಳುಗಳು ಎಲೆಯನ್ನು ದೋಣಿಯಂತೆ ಬಾಗಿಸಿಕೊಳ್ಳುತ್ತವೆ. ಬಲಗೈ ಚಿಟಿಕೆ ಹುಡಿಯನ್ನು ಉದ್ದಕ್ಕೆ ಸುರಿಯುತ್ತದೆ, ಒಂದು ತುದಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಎರಡೂ ಹೆಬ್ಬೆರಳು ಕೂಡಿ ಎಲೆಯ ಅಂಚನ್ನು ಒಳಗೆ ತಳ್ಳುತ್ತವೆ. ಮುಂದಿನದು ಕಣ್ಣಿಗೆ ಸಿಗುವುದಿಲ್ಲ, ಎಲೆ ಸುರುಟಿ ಆಗಿರುತ್ತದೆ. ಬಾಯಿ ಮಡಚಿ, ಉಗುರಿನಿಂದ ಒಳಕ್ಕೆ ಒತ್ತಿ, ನೂಲು ಎರಡು ಸುತ್ತು, ಹರಿಯುವುದು, ಮೊರಕ್ಕೆ. ಅರ್ಧ ನಿಮಿಷವೂ ಇಲ್ಲ. ಒಂಬತ್ತು ವರ್ಷ ಬಿಟ್ಟಿದ್ದ ಕೈ ಒಮ್ಮೆಯೂ ತಡವರಿಸಲಿಲ್ಲ. ಬಲ ಹೆಬ್ಬೆರಳು ಮಾತ್ರ ಕೊನೆಯ ಗೆಣ್ಣಿನಲ್ಲಿ ನೆಟ್ಟಗಾಗದೆ ಉಳಿದಿದೆ, ಅದು ಬೀಡಿಯ ದಪ್ಪಕ್ಕೇ ಬಾಗಿದೆ.

ಮರುದಿನ ಇದನ್ನು ಗೋದಾಮಿನಲ್ಲಿ ತೋರಿಸಿದೆ. ಮೊದಲು ಎಲೆಯೊಂದಿಗೆ, ಆಮೇಲೆ ಬರಿಗೈಯಲ್ಲಿ. ಸಂಯೋಜಕಿ ಅದನ್ನು ಬೆರಳಿನಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ, ಭುಜಕ್ಕೆ, ಬೆನ್ನಿಗೆ ಹರಡಿಸಿದರು. ಸುರುಟುವ ಚಲನೆಯನ್ನು ಇಡೀ ಬೆನ್ನುಹುರಿ ಮಾಡಿದರೆ ಮನುಷ್ಯ ತನ್ನೊಳಗೇ ಸುರುಟಿಕೊಳ್ಳುತ್ತಾನೆ. ಬೆಂಗಳೂರಿನ ನರ್ತಕಿ ಅದನ್ನು ಮಾಡಿದಾಗ ನೋಡಲು ಬಹಳ ಚೆಲುವಾಗಿತ್ತು. ಆ ಚೆಲುವು ನನ್ನನ್ನು ಕಾಡಿತು. ಅಮ್ಮನ ಬೆನ್ನು ಹಾಗೆ ಬಾಗಿದ್ದು ಚೆಲುವಿಗಲ್ಲ. ಎಷ್ಟೋ ರಾತ್ರಿ ಲೈಟಿನ ಕೆಳಗೆ ಕೆಮ್ಮುತ್ತಾ, ಮರುದಿನ ಬ್ರಾಂಚಿಗೆ ಸಾವಿರ ಪೂರ್ತಿ ಮಾಡಲು ಬಾಗಿದ್ದು.

ಈ ಮಾತು ಹೊರಗೆ ಬಂದದ್ದು ಕರಪತ್ರದ ದೆಸೆಯಿಂದ. ಪ್ರದರ್ಶನಕ್ಕೆ ಎರಡು ವಾರ ಇರುವಾಗ ಕರಪತ್ರದ ಕರಡು ಬಂತು. ಪೂರ್ವಜರು, ದೇಹ, ಆಮೇಲೆ ಮೂರನೆಯ ಪದವಾಗಿ ‘ಸ್ಥಿತಿಸ್ಥಾಪಕತ್ವ’ ಎಂದಿತ್ತು. ರಬ್ಬರಿನ ಬಗ್ಗೆ ಹೇಳುವ ಪದವಲ್ಲವೇ ಅದು ಎಂದರು ಮೇಷ್ಟರು, ಅವರು ವಿಜ್ಞಾನ ಕಲಿಸಿದವರು. ಎಳೆದರೆ ಉದ್ದವಾಗಿ, ಬಿಟ್ಟರೆ ಮೊದಲಿನ ಹಾಗೇ ಆಗುವ ವಸ್ತುವಿನ ಗುಣ. ಅಮ್ಮನ ಹೆಬ್ಬೆರಳು ಮೊದಲಿನ ಹಾಗೆ ಆಗಲಿಲ್ಲ. ಅಜ್ಜಿಯ ನೆತ್ತಿಯಲ್ಲಿ ಕೂದಲು ಮತ್ತೆ ಹುಟ್ಟಲಿಲ್ಲ. ಹಾಗಾದರೆ ಏನನ್ನಬೇಕು? ತಾಳ್ಮೆ ಎಂದರು ಒಬ್ಬರು, ಸಹನೆ ಎಂದರು ಇನ್ನೊಬ್ಬರು. ಈ ಎರಡು ಪದಗಳನ್ನು ಹೆಂಗಸರಿಗೆ ಹೊರಿಸಿಯೇ ನಮ್ಮ ಮನೆಗಳು ನಡೆದಿವೆ, ನನಗೆ ಅವು ಬೇಡ ಎಂದೆ. ತಾಳಿದ್ದನ್ನು ಹೊಗಳುವವರು ಇನ್ನಷ್ಟು ತಾಳಲಿ ಎಂದು ಹೊಗಳುತ್ತಾರೆ. ಅಮ್ಮ ಆ ದಿನಗಳ ಬಗ್ಗೆ ಕೇಳಿದರೆ ಹೇಳುವುದು ಒಂದೇ ಮಾತು, ‘ಹೇಗೋ ಸುಧಾರಿಸಿಕೊಂಡು ಹೋದೆವು’. ಅದರಲ್ಲಿ ಹೆಮ್ಮೆಯೂ ಇಲ್ಲ, ದೂರೂ ಇಲ್ಲ. ಇದ್ದದ್ದರಲ್ಲಿ, ಇದ್ದಷ್ಟರಲ್ಲಿ, ಮುಂದಿನ ದಿನಕ್ಕೆ ದಾಟುವುದು. ಕರಪತ್ರದಲ್ಲಿ ಕೊನೆಗೆ ‘ಸುಧಾರಿಸಿಕೊಂಡು ಹೋದವರು’ ಎಂದೇ ಅಚ್ಚಾಯಿತು.

ಮುಕ್ತಾಯದ ಬಗ್ಗೆ ಅದಕ್ಕಿಂತ ದೊಡ್ಡ ಚರ್ಚೆ ನಡೆಯಿತು. ಎಲ್ಲರೂ ನೆಲದಲ್ಲಿ ಬಾಗಿ ಕೂತಿರುವಲ್ಲಿಂದ ಒಮ್ಮೆಗೇ ಚಿಮ್ಮಿ ಎದ್ದು, ಮಾಡಿನ ಗಾಜಿನ ಹಂಚಿನತ್ತ ಕೈಯೆತ್ತಿ ನಿಲ್ಲುವುದು ಎಂದು ಮೊದಲು ಗೊತ್ತುಮಾಡಿದ್ದರು. ಹುಡುಗರು ಚೆನ್ನಾಗಿ ಚಿಮ್ಮುತ್ತಿದ್ದರು. ನನ್ನ ಮೊಣಕಾಲಿಗೆ ಅದು ಆಗುತ್ತಿರಲಿಲ್ಲ, ಆದರೆ ನನ್ನ ತಕರಾರು ಮೊಣಕಾಲಿನದ್ದಾಗಿರಲಿಲ್ಲ.

‘ಮೇಡಂ, ನನ್ನ ಅಮ್ಮ ಹೀಗೆ ಎದ್ದದ್ದನ್ನು ನಾನು ನೋಡಿಲ್ಲ’ ಎಂದೆ.

‘ಹೇಗೆ ಏಳುತ್ತಿದ್ದರು? ತೋರಿಸಿ ಅಕ್ಕ’ ಎಂದರು ಅವರು.

ನಾನು ತೋರಿಸಿದೆ. ಮೊದಲು ಮೊರವನ್ನು ತೊಡೆಯಿಂದ ಎತ್ತಿ ಪಕ್ಕಕ್ಕಿಡಬೇಕು. ಮಡಿಲಿನ ಹುಡಿಯನ್ನು ಸೀರೆಯ ಮೇಲೆಯೇ ಒಟ್ಟು ಮಾಡಿ ಮೊರಕ್ಕೆ ಹಾಕಬೇಕು, ಚೆಲ್ಲಿದರೆ ಲೆಕ್ಕ ತಪ್ಪುತ್ತದೆ. ಮಡಚಿದ ಕಾಲನ್ನು ಕೈಯಿಂದಲೇ ಎತ್ತಿ ನೀಡಬೇಕು. ಬಲಗೈಯನ್ನು ನೆಲಕ್ಕೆ ಊರಿ, ಮೈಯನ್ನು ಪಕ್ಕಕ್ಕೆ ತಿರುಗಿಸಿ, ಒಂದು ಪಾದ ಊರಬೇಕು. ಆಮೇಲೆ ಎಡಗೈಗೆ ಗೋಡೆ. ಗೋಡೆ ಹಿಡಿದು ಎದ್ದು, ಕೂಡಲೇ ನಡೆಯುವುದಿಲ್ಲ, ಜುಮ್ಮು ಹಿಡಿದ ಕಾಲಿಗೆ ರಕ್ತ ಬರುವ ತನಕ ಅಂಗೈಯನ್ನು ಗೋಡೆಗೆ ಒತ್ತಿ ನಿಲ್ಲುವುದು. ನಮ್ಮ ಜಗಲಿಯ ಗೋಡೆಯಲ್ಲಿ ಆ ಎತ್ತರಕ್ಕೆ ಒಂದು ಕಂದು ಕಲೆ ಇತ್ತು. ಪ್ರತಿ ದೀಪಾವಳಿಗೆ ಸುಣ್ಣ ಬಳಿದರೆ ಮಾಯವಾಗಿ, ಶಿವರಾತ್ರಿಯ ಹೊತ್ತಿಗೆ ಮತ್ತೆ ಮೂಡುತ್ತಿತ್ತು. ಹೊಗೆಸೊಪ್ಪಿನ ಬಣ್ಣದ ಅಂಗೈ. ಚಿಕ್ಕವಳಿದ್ದಾಗ ನಾನು ಅದರ ಮೇಲೆ ನನ್ನ ಕೈಯಿಟ್ಟು ಅಳತೆ ನೋಡುತ್ತಿದ್ದೆ.

ನಾನು ಎದ್ದು ನಿಲ್ಲಲು ಎಷ್ಟು ಹೊತ್ತಾಯಿತೋ ತಿಳಿಯದು. ನಲವತ್ತು ಸೆಕೆಂಡು ಎಂದು ಆಮೇಲೆ ಒಬ್ಬರು ಹೇಳಿದರು. ಸಂಯೋಜಕಿ ಒಂದೂ ಮಾತಾಡದೆ ಕೂತಿದ್ದರು. ಆಮೇಲೆ ಎದ್ದು, ‘ಎಲ್ಲರೂ ಗೋಡೆಯ ಹತ್ತಿರ ಬನ್ನಿ’ ಎಂದರು. ಅವರ ಬಗ್ಗೆ ನನಗಿರುವ ಗೌರವದ ಕಾರಣ ಅದೇ. ಎರಡು ತಿಂಗಳು ಕಟ್ಟಿದ ಮುಕ್ತಾಯವನ್ನು ಒಬ್ಬ ಗುಮಾಸ್ತೆಯ ಮಾತಿಗೆ ಬಿಟ್ಟುಕೊಟ್ಟರು.

ಶನಿವಾರ ಸಂಜೆ ಐದೂಮುಕ್ಕಾಲಿಗೆ ಪ್ರದರ್ಶನ. ವೇಳೆಯನ್ನು ಹಾಗೆ ಇಟ್ಟದ್ದು ಬೆಳಕಿಗಾಗಿ. ಮಾಡಿನಲ್ಲಿ ಅಲ್ಲಲ್ಲಿ ಗಾಜಿನ ಹಂಚುಗಳಿದ್ದವು. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಲೇ ಹೊತ್ತು ಮುಳುಗುತ್ತದೆ. ಶುರುವಾಗುವಾಗ ನೆಲದ ಮೇಲೆ ಬೆಳಕಿನ ಮಸುಕು ಚೌಕಗಳು, ನಡುವಿಗೆ ಬರುವಾಗ ಎಲ್ಲ ಬೂದು, ಆಮೇಲೆ ಜಗಲಿಯಲ್ಲಿ ಇರುತ್ತಿದ್ದಂಥ ನಾಲ್ಕೇ ಹಳದಿ ಬಲ್ಬು. ಹಿನ್ನೆಲೆ ಸಂಗೀತವಿರಲಿಲ್ಲ. ಹಂಚಿಗೆ ಹಂಚು ತಾಗುವ ಸದ್ದು, ಉಸಿರು, ಹೆಜ್ಜೆ, ಹದಿನಾರು ಕತ್ತರಿಗಳು ಇಷ್ಟೇ.

ಅಮ್ಮ ಎರಡನೆಯ ಸಾಲಿನಲ್ಲಿ, ನಮ್ಮ ಕೇರಿಯ ಇನ್ನೂ ನಾಲ್ವರು ಹೆಂಗಸರ ಜೊತೆ ಕೂತಿದ್ದರು. ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಒಳಗೆ ನಿಂತು ನೋಡಿದಾಗ ನನಗೆ ಹೆದರಿಕೆಯಾಯಿತು, ಅವರು ಇದನ್ನು ಅಣಕ ಎಂದುಕೊಂಡರೆ ಎಂದು.

ಹಿಂದಕ್ಕೆ ನಡೆದೆವು. ಹೆಸರುಗಳನ್ನು ಪಿಸುಮಾತಿನಲ್ಲಿ ಹೇಳಿದೆವು. ಬೆನ್ನಿಗೆ ಬೆನ್ನು ಕೊಟ್ಟು ಭಾರ ಒರಗಿಸಿದೆವು. ನನ್ನ ಬೆನ್ನಿಗೆ ಮೇಷ್ಟರ ಬೆನ್ನು, ಅಭ್ಯಾಸದ ಮೊದಲ ದಿನ ಇಬ್ಬರೂ ನಾಚಿಕೊಂಡು ಬಟ್ಟೆಗೆ ಬಟ್ಟೆ ಮಾತ್ರ ತಾಗಿಸಿದ್ದೆವು. ಈಗ ಅವರ ಉಸಿರು ನನ್ನ ಪಕ್ಕೆಲುಬಿಗೆ ಗೊತ್ತಾಗುತ್ತಿತ್ತು. ಹಂಚು ಹೊತ್ತು ನಡೆಯುವಾಗ ಹುಡುಗನ ಹಲಗೆಯಿಂದ ಒಂದು ಜಾರಿ ನೆಲಕ್ಕೆ ಬಿದ್ದು ಚೂರಾಯಿತು. ಜನ ಉಸಿರು ಎಳೆದುಕೊಂಡದ್ದು ಕೇಳಿಸಿತು. ಹುಡುಗ ನಿಂತ. ನರ್ಸು ತನ್ನ ಹಲಗೆಯನ್ನು ತಲೆಯಲ್ಲಿಟ್ಟುಕೊಂಡೇ ಮೊಣಕಾಲು ಬಾಗಿಸಿ ಇಳಿದು, ಕತ್ತು ಅಲುಗದಂತೆ, ಕೈಯಿಂದ ಚೂರುಗಳನ್ನು ಒಂದು ಬದಿಗೆ ಸರಿಸಿ, ಮತ್ತೆ ಎದ್ದಳು. ಅದನ್ನು ಯಾರೂ ಕಲಿಸಿರಲಿಲ್ಲ. ಇಡೀ ಸಂಜೆಯಲ್ಲಿ ಅದಕ್ಕಿಂತ ದೊಡ್ಡ ನೃತ್ಯ ನಾನು ಕಾಣಲಿಲ್ಲ.

ಆಮೇಲೆ 16 ಮಂದಿಯೂ ನೆಲದಲ್ಲಿ ಸಾಲಾಗಿ ಕೂತು ಎಲೆ ಕತ್ತರಿಸಿದೆವು. ಆ ಸದ್ದು ಶುರುವಾದಾಗ ಎರಡನೆಯ ಸಾಲಿನಲ್ಲಿ ಯಾರೋ ‘ಅಯ್ಯೋ’ ಎಂದರು. ಕತ್ತರಿ ಒಂದೊಂದಾಗಿ ನಿಂತು, ನನ್ನ ಕೈ ಮಾತ್ರ ಉಳಿಯಿತು. ಎಲೆಯಿಲ್ಲದ ಕೈ. ಬಾಗಿಸು, ಸುರಿ, ಸುರುಟು, ಮಡಚು, ಕಟ್ಟು. ಒಬ್ಬೊಬ್ಬರೇ ಸೇರಿಕೊಂಡರು, ಬೆರಳಿನಿಂದ ಬೆನ್ನಿಗೆ ಹಬ್ಬಿತು. ನರ್ತಕಿ ಈ ಸಲ ಚೆಲುವನ್ನು ಬದಿಗಿಟ್ಟಿದ್ದಳು. ಬಾಗಿದ ಬೆನ್ನು ಅವಳಿಗೆ ನೋಯುತ್ತಿದೆ ಎಂದು ಹಿಂದೆ ಕೂತ ನನಗೂ ಕಾಣುತ್ತಿತ್ತು. ನನಗೆ ಅಷ್ಟು ಹೊತ್ತಿಗೆ ಜನರಿರುವುದು ಮರೆತುಹೋಗಿತ್ತು. ಕಾಲು ನಿಜವಾಗಿಯೂ ಜುಮ್ಮು ಹಿಡಿದಿತ್ತು.

ಕಾಣದ ಮೊರವನ್ನು ಪಕ್ಕಕ್ಕಿಟ್ಟೆ. ಕಾಣದ ಹುಡಿಯನ್ನು ಒಟ್ಟು ಮಾಡಿದೆ. ಕಾಲನ್ನು ಕೈಯಿಂದ ನೀಡಿದೆ. ಗೋಡೆ ಸಿಕ್ಕಿತು. ಎಲ್ಲರೂ ಎದ್ದೆವು, ಅವರವರ ವೇಗದಲ್ಲಿ, ಮೇಷ್ಟರು ಎಲ್ಲರಿಗಿಂತ ಕೊನೆಗೆ. ಅಂಗೈ ಗೋಡೆಗೊತ್ತಿ ನಿಂತೆವು. ಬಲ್ಬು ಆರಿತು. ಚಪ್ಪಾಳೆ ತಕ್ಷಣ ಬರಲಿಲ್ಲ, ಆ ಕತ್ತಲಲ್ಲಿ ಕೈ ತೆಗೆಯಲು ನನಗೂ ಮನಸ್ಸಾಗಲಿಲ್ಲ.

ತೊಕ್ಕೊಟ್ಟಿಗೆ ಹೋಗುವ ರಿಕ್ಷಾದಲ್ಲಿ ಅಮ್ಮ ಮಾತನಾಡಲಿಲ್ಲ. ನಾನೂ ಕೇಳಲಿಲ್ಲ. ಅವರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತಿದ್ದರು. ನೇತ್ರಾವತಿ ಸೇತುವೆ ಬಂತು, ಗಾಳಿ ಬೀಸಿತು, ಅವರು ಸೆರಗನ್ನು ತಲೆಗೆ ಎಳೆದುಕೊಂಡರು.

‘ಮೂರು ಕಟ್ಟು ಆಯಿತು, ಮೇಲೆ ಹನ್ನೊಂದು’ ಎಂದರು.

‘ಏನಮ್ಮ?’

‘ನೀನು ಕಟ್ಟಿದ್ದು. ಅದರಲ್ಲಿ ನಾಲ್ಕು ರಿಜೆಕ್ಟ್ ಆಗುತ್ತಿತ್ತು. ಬಾಯಿ ಮಡಚಿದವಳು ನೂಲು ಸುತ್ತಲೇ ಇಲ್ಲ.’

ಭಾನುವಾರದ ಪ್ರದರ್ಶನದಲ್ಲಿ ನಾನು ಪ್ರತಿ ಸಲವೂ ನೂಲು ಸುತ್ತಿದೆ. ಎರಡು ಸುತ್ತು.